ಭಾಗ್ಯಜ್ಯೋತಿ ಬರೆದ ಫಿಲ್ಟರ್

ವಾಡಿಯಿಂದ ಶಹಾಬಾದ್ ಕಡೆಗೆ ಹೊರಟರೆ, ಸಿಮೆಂಟ್ ಲಾರಿಗಳು ಪಾಳಿಗಾಗಿ ಸಾಲು ನಿಲ್ಲುವ ಕಡೆ, ಒಂದು ಸಾಗಣೆ ಕಂಪನಿಯ ಎರಡಂತಸ್ತಿನ ಕಚೇರಿ ಇದೆ. ಕಂಪನಿಯ ಹೆಸರು ಇಲ್ಲಿ ಬೇಡ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಲ್ಲಿ ಅದಕ್ಕೆ ಡಿಪೋಗಳಿವೆ. ಸಿಮೆಂಟು, ನೆಲಕ್ಕೆ ಹಾಸುವ ಫರಸಿ ಕಲ್ಲು, ತೊಗರಿ ಬೇಳೆ, ಏನು ಸಿಕ್ಕರೂ ಹೊರುತ್ತದೆ. ಏಪ್ರಿಲ್ ತಿಂಗಳಲ್ಲಿ ಆ ಕಟ್ಟಡದಲ್ಲಿ ತಣ್ಣಗಿರುವುದು ಒಂದೇ ಕೋಣೆ, ಮೇಲಂತಸ್ತಿನ ಮೂಲೆಯ ಸರ್ವರ್ ಕೋಣೆ. ಅಲ್ಲಿನ ಎ.ಸಿ. ಹಾಕಿಸಿದ್ದು ಯಂತ್ರಕ್ಕಾಗಿ. ಅದರ ತಂಪು ಭಾಗ್ಯಜ್ಯೋತಿಗೂ ಸಿಗುತ್ತಿತ್ತು.

ಭಾಗ್ಯಜ್ಯೋತಿ ತೆಂಗಳಿಯವಳು. ಕಲಬುರಗಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ವಾಡಿಯ ರೈಲ್ವೆ ಗೂಡ್ಸ್ ಆಫೀಸಿನಲ್ಲಿದ್ದ ಶರಣಕುಮಾರನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಕಂಪನಿಗೆ ಸೇರಿದಾಗ ಅವಳಿಗೆ ಕೊಟ್ಟ ಕೆಲಸ ಲಾರಿಗಳ ಕಾಟಾ ಚೀಟಿಗಳನ್ನು, ಎಂದರೆ ತೂಕದ ಚೀಟಿಗಳನ್ನು, ಕಂಪ್ಯೂಟರಿಗೆ ಏರಿಸುವುದು. ಕೈ ಚುರುಕು. ಕೆಲಸ ಬೇಗ ಮುಗಿಯುತ್ತಿತ್ತು. ಮುಗಿದ ಮೇಲೆ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದಳು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಸಂಗಮೇಶ್ವರ ಅದನ್ನು ನೋಡಿ ಒಂದು ದಿನ ಕರೆದರು.

"ಅಲ್ಲೇ ಯಾಕ ನಿಂತೀ ತಂಗಿ, ಒಳಗ ಬಾ. ಕುಂದ್ರು. ಕಲಿತೀ ಏನು?"

ಅವಳು ಕುಳಿತಳು, ಕಲಿತಳು. ಬಾಡಿಗೆ ದರ ಹೊರಗಿನವರ ಕೈಗೆ ಸಿಗಬಾರದೆಂದು ಮಾಲೀಕ ಮಡಿವಾಳಯ್ಯನವರು ಕಂಪನಿಯ ಮೇಲ್‌ಗಳೆಲ್ಲ ಸ್ವಂತ ಯಂತ್ರದಲ್ಲೇ ಇರಬೇಕೆಂದು ಹಟ ಹಿಡಿದವರು. ಆ ಯಂತ್ರವನ್ನು ನಡೆಸುವುದನ್ನೆಲ್ಲ ಸಂಗಮೇಶ್ವರ ಏನನ್ನೂ ಮುಚ್ಚಿಡದೆ ಹೇಳಿಕೊಟ್ಟರು. ಅದರಲ್ಲಿ ಅವಳ ಮನಸ್ಸು ಹಿಡಿದದ್ದು ಫಿಲ್ಟರ್ ಬರೆಯುವ ಕೆಲಸ. ಫಿಲ್ಟರ್ ಎಂದರೆ ಸರ್ವರಿಗೆ ಮೊದಲೇ ಬರೆದಿಟ್ಟ ಅಪ್ಪಣೆ. ಬಂದ ಮೇಲ್ ಯಾರದ್ದು, ವಿಷಯ ಏನು, ಒಳಗೆ ಯಾವ ಮಾತಿದೆ ಎಂದು ಅದು ನೋಡುತ್ತದೆ. ಹೀಗಿದ್ದರೆ ಈ ಪೆಟ್ಟಿಗೆಗೆ ಹಾಕು, ಹಾಗಿದ್ದರೆ ಆ ಪೆಟ್ಟಿಗೆಗೆ ಹಾಕು, ಇಂಥದ್ದಾದರೆ ಎಸೆದುಬಿಡು. ಮನುಷ್ಯರು ಯಾರೂ ಮುಟ್ಟದೆ ಎಲ್ಲ ತಾನಾಗಿ ನಡೆಯುತ್ತದೆ.

ಹೊರಗಿನಿಂದ ತಂದ ಫಿಲ್ಟರ್‌ಗಳು ಇಂಗ್ಲಿಷ್ ಮೋಸವನ್ನು ಹಿಡಿಯುತ್ತಿದ್ದವು. ನಮ್ಮ ಕಡೆಯ ಮೋಸವನ್ನು ಹಿಡಿಯುತ್ತಿರಲಿಲ್ಲ. 'ನಿಮಗೆ ಲಾರಿ ಬಹುಮಾನ ಬಂದಿದೆ' ಎಂದು ಕನ್ನಡದಲ್ಲಿ ಬರೆದರೆ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದರಂತೂ ಮುಗಿದೇಹೋಯಿತು. ತಾಂಡೂರಿನ ವ್ಯಾಪಾರಿಗಳು ಅರ್ಧ ತೆಲುಗು ಸೇರಿಸುತ್ತಿದ್ದರು. ಡ್ರೈವರುಗಳು ಕೋಪ ಬಂದಾಗ ಉರ್ದು, ಕನ್ನಡ, ಮರಾಠಿ ಮೂರನ್ನೂ ಒಂದೇ ಸಾಲಿನಲ್ಲಿ ಬೈಯುತ್ತಿದ್ದರು. ಮಾಲೀಕರ ಪೆಟ್ಟಿಗೆಗೆ ಅಂಥ ಬೈಗುಳದ ಮೇಲ್‌ಗಳು ಹೆಚ್ಚಾದಾಗ ಸಂಗಮೇಶ್ವರ, "ಇದಕ್ಕೊಂದು ದಾರಿ ಹುಡುಕು, ಜ್ಯೋತಿ" ಅಂದರು. ಅವಳು ಇಡೀ ಮಳೆಗಾಲ ಅದರ ಹಿಂದೆ ಬಿದ್ದಳು. ಒಂದು ಕನ್ನಡ ಮಾತನ್ನು ಜನ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟನ್ನೂ ಗುರುತು ಹಿಡಿಯುವ ಒಂದು ನಿಯಮ ಕಟ್ಟಿದಳು. ಒತ್ತಕ್ಷರ ಬಿಟ್ಟರೂ ಹಿಡಿಯುತ್ತಿತ್ತು, ದೀರ್ಘ ತಪ್ಪಿದರೂ ಹಿಡಿಯುತ್ತಿತ್ತು. ಅದರ ತಲೆಯ ಮೇಲೆ, ಕೆಲಸ ಮಾಡಿದವರ ಗುರುತಿಗೆಂದು, 'ಭಾಗ್ಯಜ್ಯೋತಿ ಬರೆದದ್ದು. ತಿಳಿಯದೆ ಅಳಿಸಬೇಡಿ' ಎಂದು ಸೇರಿಸಿದಳು. ಬೈಗುಳದ ಮೇಲ್‌ಗಳು ಮಾಲೀಕರಿಗೆ ಹೋಗುವುದು ನಿಂತಿತು. ಮಡಿವಾಳಯ್ಯನವರು ತಾವಾಗಿ ಮೇಲೆ ಬಂದು, "ಭಾಳ ಛಲೋ ಕೆಲಸ ಮಾಡೀರಿ" ಎಂದು ಹೋದರು. ಆ ದಿನ ಮನೆಗೆ ಬಂದು ಶರಣಕುಮಾರನ ಮುಂದೆ ಅದನ್ನು ಹೇಳುವಾಗ ತಾನು ಕುಣಿಯುವುದೊಂದು ಬಾಕಿ ಇತ್ತು ಎಂದು ಅವಳು ನನಗೆ ಹೇಳಿದ್ದಾಳೆ.

ಅದಾದ ಸ್ವಲ್ಪ ದಿನಕ್ಕೆ ಕಂಪನಿಯಲ್ಲಿ ಮಹಿಳೆಯರ ದೂರು ಸಮಿತಿ ಆಯಿತು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಕಿರುಕುಳವಾದರೆ ಕೇಳಲು ಇಂಥದ್ದೊಂದು ಸಮಿತಿ ಇರಬೇಕೆಂಬುದು ಕಾನೂನು. ಅಷ್ಟೊತ್ತಿಗೆ ಸರ್ವರ್ ನೋಡಿಕೊಳ್ಳುತ್ತಿದ್ದ ಭಾಗ್ಯಜ್ಯೋತಿಯದೇ ಕಂಪನಿಯ ಹೆಂಗಸರಲ್ಲಿ ಹಿರಿಯ ಹುದ್ದೆ ಆದ್ದರಿಂದ ಅವಳೇ ಅಧ್ಯಕ್ಷೆ. ಹೊರಗಿನ ಸದಸ್ಯೆಯಾಗಿ ಶಹಾಬಾದಿನ ನಿವೃತ್ತ ಮುಖ್ಯೋಪಾಧ್ಯಾಯಿನಿ ರಮಾಬಾಯಿ ಬಂದರು. ದೂರು ಕಳಿಸಲು ಒಂದು ಮೇಲ್ ವಿಳಾಸ ಬೇಕಾಯಿತು. ಭಾಗ್ಯಜ್ಯೋತಿ ತಾನೇ ಅದನ್ನು ತೆರೆದಳು. ತನ್ನ ಹೆಸರು, ಆ ವಿಳಾಸ ಹಾಕಿ ಫಲಕ ಮಾಡಿಸಿ ಎಲ್ಲ ಡಿಪೋಗಳ ಗೋಡೆಗೆ ಅಂಟಿಸಿದಳು.

ದೂರು ಬರಲಿಲ್ಲ. ವರ್ಷಗಳು ಕಳೆದರೂ ಬರಲಿಲ್ಲ. ಸಮಿತಿಯ ವಾರ್ಷಿಕ ಸಭೆಯಲ್ಲಿ ರಮಾಬಾಯಿ, "ಇಷ್ಟು ಹೆಣ್ಮಕ್ಕಳು ಇರೂ ಕಡೆ ಒಂದೂ ದೂರು ಇಲ್ಲ ಅಂದ್ರ ನಂಗ ಸಮಾಧಾನ ಆಗಂಗಿಲ್ಲ ನೋಡ್ರಿ" ಅಂದಾಗ ಭಾಗ್ಯಜ್ಯೋತಿಗೆ ಸ್ವಲ್ಪ ಬೇಸರವೇ ಆಯಿತು. ಅವಳು ಆಗಾಗ ಹೊರಗಿನಿಂದ ಆ ವಿಳಾಸಕ್ಕೆ 'ಇದು ಪರೀಕ್ಷೆ' ಎಂದು ಒಂದು ಮೇಲ್ ಕಳಿಸಿ ನೋಡುತ್ತಿದ್ದಳು. ಅದು ಬರುತ್ತಿತ್ತು. ಜಿಲ್ಲಾ ಕಚೇರಿಯ ಸುತ್ತೋಲೆಗಳು ಬರುತ್ತಿದ್ದವು. ಸಂಕ್ರಾಂತಿಗೆ, ಯುಗಾದಿಗೆ ಶುಭಾಶಯಗಳೂ ಬರುತ್ತಿದ್ದವು. ಪೆಟ್ಟಿಗೆ ಸರಿಯಾಗಿಯೇ ಇತ್ತು. ಹಾಗಾದರೆ ತಮ್ಮ ಕಂಪನಿ ಒಳ್ಳೆಯದು, ಅಷ್ಟೇ ಎಂದುಕೊಂಡಳು.

ಕಳೆದ ವರ್ಷ ಚಿಂಚೋಳಿ ಡಿಪೋದಲ್ಲಿ ಕಂಪ್ಯೂಟರ್ ಕೆಟ್ಟಿತೆಂದು ಅವಳು ಹೋಗಬೇಕಾಯಿತು. ಅಲ್ಲಿ ಕಾಟಾ ಬರೆಯುವವಳು ನಗ್ಮಾ. ಮೊದಲು ಸೇಡಂ ಡಿಪೋದಲ್ಲಿದ್ದ ಹುಡುಗಿ. ಹಿಂದೆ ಸೇಡಮ್ಮಿಗೆ ಹೋದಾಗಲೆಲ್ಲ ಬಾಯಿ ತುಂಬ ಮಾತಾಡುತ್ತಿದ್ದವಳು ಈಗ ಯಾರು ಬಂದರೇನು, ಹೋದರೇನು ಎಂಬಂತೆ ನೀರಿನ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು ಬೆನ್ನು ತಿರುಗಿಸಿ ಕುಳಿತಳು. ಭಾಗ್ಯಜ್ಯೋತಿ ಕೆಲಸ ಮುಗಿಸಿ ಚೀಲ ಹೆಗಲಿಗೇರಿಸಿದಾಗ ಹಿಂದಿನಿಂದ ದನಿ ಬಂತು.

"ಮೇಡಂ, ಒಂದ್ ಮಾತ್ ಕೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ."

"ಕೇಳವಾ. ಸಿಟ್ಟ್ಯಾಕ?"

"ಸೇಡಂದಾಗ ನಂಗ ಮನಿ ಹತ್ರ ಇತ್ತು. ಅಮ್ಮಿಗೆ ಶುಗರ್ ಅದ, ಮಧ್ಯಾಹ್ನ ಹೋಗಿ ನೋಡಿ ಬರ್ತಿದ್ದೆ. ನಾ ನಿಮಗ ದೂರು ಬರ್ದೆ ಅಂತ ನೀವು ನನ್ನ ತಂದು ಇಲ್ಲಿ ಒಗೆದ್ರಿ. ಅವ್ರಿಗಿ ಮಾತ್ರ ಏನೂ ಆಗ್ಲಿಲ್ಲ. ಇದ್ಯಾವ ಇನ್ಸಾಫ್ ಮೇಡಂ?"

ಭಾಗ್ಯಜ್ಯೋತಿಗೆ ಮಾತು ಕಿವಿಗೆ ಬಿತ್ತೇ ಹೊರತು ಅರ್ಥವಾಗಲಿಲ್ಲ.

"ಯಾವ ದೂರು?"

ನಗ್ಮಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಂದು ಸಣ್ಣ ನಗೆ ನಕ್ಕಳು, ನಂಬದವರು ನಗುವ ನಗೆ. "ಛಲೋ ಆಯ್ತು ಬಿಡ್ರಿ. ಈಗ ಯಾವ ದೂರು ಅಂತ ಕೇಳಾಕತ್ತೀರಿ."

"ನಗ್ಮಾ, ದೇವ್ರಾಣಿ. ನಂಗೊಂದೂ ಬಂದಿಲ್ಲ. ತೋರಿಸು."

ನಗ್ಮಾ ಫೋನ್ ತೆಗೆದು ತಾನು ಕಳಿಸಿದ ಮೇಲ್ ತೋರಿಸಿದಳು. ವಿಳಾಸದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ದಿಲೀಪ ಸಾಹೇಬರು ಕಾಟಾ ಕೋಣೆಯ ಬಾಗಿಲು ಹಾಕಿಕೊಂಡದ್ದು, ಕೈ ಹಿಡಿದದ್ದು, ಕೂಗಿದರೆ ಕೆಲಸ ಹೋಗುತ್ತದೆ ಎಂದದ್ದು, ಎಲ್ಲ ಇತ್ತು. ದಿಲೀಪ ಎಂದರೆ ಎಲ್ಲ ಡಿಪೋಗಳನ್ನೂ ಸುತ್ತಿ ನೋಡುವ ಮೇಲ್ವಿಚಾರಕ, ಮಾಲೀಕರ ಹಳೆಯ ಪಾಲುದಾರರ ಮಗ. ಮೇಲ್ ಕಳಿಸಿದ ವಾರದೊಳಗೇ ನಗ್ಮಾಳ ವರ್ಗಾವಣೆ ಆಗಿತ್ತು. ಅದೇ ಸಮಿತಿಯ ಉತ್ತರ ಎಂದು ಅವಳು ತಿಳಿದಿದ್ದಳು. ಬೇರೆ ಏನೆಂದು ತಿಳಿಯಬೇಕಿತ್ತು?

ಚಿಂಚೋಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಎರಡು ಸಲ ಟಿಕೆಟ್ ಚಿಲ್ಲರೆ ಕೇಳಿದ್ದು ಭಾಗ್ಯಜ್ಯೋತಿಗೆ ಗೊತ್ತಾಗಲಿಲ್ಲ. ಮೇಲ್ ದಾರಿಯಲ್ಲಿ ಎಲ್ಲಿ ತಪ್ಪಿರಬಹುದು? ಅಂದು ಸರ್ವರ್ ನಿಂತಿತ್ತೇ? ಪೆಟ್ಟಿಗೆ ತುಂಬಿತ್ತೇ? ಯಂತ್ರದ ತಪ್ಪಾಗಿದ್ದರೆ ಸಾಕು ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಸರ್ವರಿನ ದಿನಚರಿ ತೆರೆದಳು. ಯಾವ ಮೇಲ್ ಯಾವಾಗ ಬಂತು, ಎಲ್ಲಿಗೆ ಹೋಯಿತು ಎಂದು ಯಂತ್ರ ತಾನಾಗಿ ಬರೆದುಕೊಳ್ಳುವ ಲಾಗ್ ಅದು. ನಗ್ಮಾಳ ಮೇಲ್ ಬಂದಿತ್ತು. ಸರ್ವರ್ ಅದನ್ನು ಸ್ವೀಕರಿಸಿತ್ತು. ಮುಂದಿನ ಸಾಲಿನಲ್ಲಿ, ಒಂದು ಫಿಲ್ಟರ್ ಅದನ್ನು ಬೇರೊಂದು ಪೆಟ್ಟಿಗೆಗೆ ಸಾಗಿಸಿದೆ ಎಂದಿತ್ತು.

ಸಮಿತಿಯ ವಿಳಾಸಕ್ಕೆ ಅವಳು ಯಾವ ಫಿಲ್ಟರನ್ನೂ ಹಾಕಿರಲಿಲ್ಲ.

ಆ ವಿಳಾಸದ ನಿಯಮಗಳಿರುವ ಜಾಗ ತೆರೆದಳು. ಅಲ್ಲೊಂದು ಫೈಲು ಇತ್ತು. ಅದರ ಮೊದಲ ಸಾಲು: 'ಭಾಗ್ಯಜ್ಯೋತಿ ಬರೆದದ್ದು. ತಿಳಿಯದೆ ಅಳಿಸಬೇಡಿ.'

ಅವಳು ಎದ್ದು ನಿಂತಳು. ಯಾಕೆ ಎದ್ದಳೋ ಅವಳಿಗೇ ತಿಳಿಯಲಿಲ್ಲ. ಮತ್ತೆ ಕುಳಿತಳು. ತಾನೇ ಬರೆದು ಮರೆತಿದ್ದೇನೆಯೇ ಎಂದು ಒಂದು ಗಳಿಗೆ ತನ್ನನ್ನೇ ಅನುಮಾನಿಸಿದಳು. ಕೆಳಗೆ ಓದುತ್ತ ಹೋದಂತೆ ಗೊತ್ತಾಯಿತು. ಬೈಗುಳದ ಮೇಲ್ ಹಿಡಿಯಲು ಅವಳು ಕಟ್ಟಿದ ನಿಯಮವನ್ನು ಯಾರೋ ಇದ್ದಹಾಗೆಯೇ ತಂದು ಇಲ್ಲಿ ಇಟ್ಟಿದ್ದರು. ಬೈಗುಳದ ಮಾತುಗಳನ್ನು ತೆಗೆದು ಬೇರೆ ಮಾತುಗಳನ್ನು ತುಂಬಿದ್ದರು. ಕೈ ಹಿಡಿದ. ಮೈ ಮುಟ್ಟಿದ. ಬಾಗಿಲು ಹಾಕಿದ. ಅಸಹ್ಯ. ನಾಚಿಕೆ. ದೂರು. ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ದಖ್ಖನಿ ಉರ್ದುವಿನಲ್ಲಿ. ಕೊನೆಯಲ್ಲಿ ಒಂದು ಹೆಸರು, ಅದನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟು ಬಗೆಯಲ್ಲಿ: ದಿಲೀಪ, ದಿಲೀಪ್, ದಿಲಿಪ, ಡಿಲಿಪ್, ದಿಲೀಪ ಸಾಬ್.

ದೂರು ಯಾರ ಮೇಲೆ ಬರುತ್ತದೆ ಎಂಬುದು ಫಿಲ್ಟರಿಗೆ ಮೊದಲೇ ಗೊತ್ತಿತ್ತು.

ಆ ಮಾತೂ ಆ ಹೆಸರೂ ಒಟ್ಟಿಗಿಲ್ಲದ ಮೇಲ್‌ಗಳನ್ನು ಅದು ಮುಟ್ಟುತ್ತಿರಲಿಲ್ಲ. ಅದಕ್ಕೇ ಅವಳ ಪರೀಕ್ಷೆಯ ಮೇಲ್‌ಗಳು ಬರುತ್ತಿದ್ದವು. ಅದಕ್ಕೇ ಸುತ್ತೋಲೆ, ಸಂಕ್ರಾಂತಿಯ ಶುಭಾಶಯ ಎಲ್ಲ ಬರುತ್ತಿದ್ದವು. ಹಿಡಿದ ಮೇಲ್‌ಗಳೆಲ್ಲ 'ಹಳೆ ಟೆಂಡರ್' ಎಂಬ ಹೆಸರಿನ ಪೆಟ್ಟಿಗೆಗೆ ಹೋಗುತ್ತಿದ್ದವು. ಆ ಪೆಟ್ಟಿಗೆಯನ್ನು ಯಾರು ತೆರೆಯುತ್ತಿದ್ದಾರೆ ಎಂದು ನೋಡಿದಳು. ದಿಲೀಪನ ಕಂಪನಿ ಫೋನು.

ಹೆಂಗಸರು ಯಾರ ಮೇಲೆ ದೂರು ಬರೆದರೋ ಅವನೇ ಅದನ್ನು ಮೊದಲು, ಅವನೊಬ್ಬನೇ, ಓದುತ್ತಿದ್ದ. ಭಾಗ್ಯಜ್ಯೋತಿ ಮುಖ ತೊಳೆಯಲು ಹೋಗಿ ನಲ್ಲಿ ತಿರುಗಿಸಿ ನೀರು ಹರಿಯುವುದನ್ನು ನೋಡುತ್ತ ನಿಂತುಬಿಟ್ಟಳು. ಯಾರೋ ಬಂದು, "ಮೇಡಂ, ನೀರು" ಅಂದಾಗ ನಿಲ್ಲಿಸಿದಳು.

ಸರ್ವರ್ ನೋಡಿಕೊಳ್ಳುವವಳಿಗೆ ಯಾವ ಪೆಟ್ಟಿಗೆಯನ್ನು ಬೇಕಾದರೂ ತೆರೆಯುವ ಅಧಿಕಾರವಿತ್ತು. ಇಷ್ಟು ವರ್ಷದಲ್ಲಿ ಅವಳು ಒಬ್ಬರ ಪೆಟ್ಟಿಗೆಯನ್ನೂ ತೆರೆದವಳಲ್ಲ. ಇವತ್ತೂ ಒಬ್ಬಳೇ ತೆರೆಯುವುದು ಬೇಡವೆನಿಸಿತು. ರಮಾಬಾಯಿಗೆ ಫೋನ್ ಮಾಡಿದಳು. ಏನಾಯಿತೆಂದು ಹೇಳತೊಡಗಿದಳು. ರಮಾಬಾಯಿ ಅರ್ಧಕ್ಕೇ ತಡೆದರು.

"ಏನೂ ಅಳಿಸಬ್ಯಾಡ. ಯಾರಿಗೂ ಹೇಳಬ್ಯಾಡ. ನಾ ಆಟೋ ಹಿಡ್ಕೊಂಡು ಬರ್ಲಿಕತ್ತೀನಿ."

ಶಹಾಬಾದಿನಿಂದ ಅವರು ಬಂದು ಸರ್ವರ್ ಕೋಣೆಯಲ್ಲಿ ಕನ್ನಡಕ ಒರೆಸಿಕೊಂಡು ಕುಳಿತ ಮೇಲೆ ಇಬ್ಬರೂ ಪೆಟ್ಟಿಗೆ ತೆರೆದರು. ನಗ್ಮಾಳದು ಇತ್ತು. ಚಿತ್ತಾಪುರದ ಡಿಪೋದಿಂದ ಒಂದು. ಕೆಲಸ ಬಿಟ್ಟುಹೋದ ಒಬ್ಬ ಹುಡುಗಿಯದು, ಐನಾಪುರದವಳು. ಅವಳಿಗೆ ಮದುವೆ ಗೊತ್ತಾಗಿ ಕೆಲಸ ಬಿಟ್ಟಳೆಂದು ಎಲ್ಲರೂ ತಿಳಿದಿದ್ದರು. ಇನ್ನೊಂದು ಮೇಲ್ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಯಾರದೋ ಫೋನಿನಿಂದ, ಬಾಯಲ್ಲಿ ಹೇಳಿ ಬರೆಸಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ಭಾಗ್ಯಜ್ಯೋತಿ ಅದನ್ನು ಗಟ್ಟಿಯಾಗಿ ಓದತೊಡಗಿದಳು.

"ಅಕ್ಕೋರಿಗೆ ನಮಸ್ಕಾರ. ನಾ ಮಹಾದೇವಮ್ಮ, ಸೇಡಂ ಡಿಪೋದಾಗ ಕಸ ಹೊಡ್ಯಾಕಿ. ಗ್ವಾಡಿ ಮ್ಯಾಲ ನಿಮ್ಮ ಹೆಸರು ನೋಡಿ ಬರಸಾಕತ್ತೀನಿ..."

ಅಲ್ಲಿಗೆ ಓದುವುದನ್ನು ಬಿಟ್ಟು ಅವಳು ಪರದೆಯನ್ನು ರಮಾಬಾಯಿಯವರ ಕಡೆ ತಿರುಗಿಸಿದಳು. ಉಳಿದದ್ದನ್ನು ರಮಾಬಾಯಿ ಕಣ್ಣಿನಲ್ಲೇ ಓದಿಕೊಂಡರು.

ಮಹಾದೇವಮ್ಮ ಈಗ ಸೇಡಮ್ಮಿನಲ್ಲಿರಲಿಲ್ಲ. ಇದೇ ಕಚೇರಿಯಲ್ಲಿದ್ದಳು. ಬೆಳಿಗ್ಗೆ ಸಂಡಾಸು ತೊಳೆದು, ಮೆಟ್ಟಿಲು ಒರೆಸಿ, ಆಮೇಲೆ ಎಲ್ಲರ ಮೇಜಿಗೂ ಚಹಾ ಕೊಡುತ್ತಿದ್ದಳು. ದಿನವೂ ಸೇಡಮ್ಮಿನಿಂದ ರೈಲಿಗೆ ಬರುತ್ತಿದ್ದಳು. ಎರಡು ವರ್ಷದಿಂದ ಭಾಗ್ಯಜ್ಯೋತಿ ಕುಡಿದದ್ದು ಆಕೆಯ ಕೈಯ ಚಹಾ. ಅಂದೂ ಹೊತ್ತಾದಾಗ ಬಾಗಿಲು ತಳ್ಳಿಕೊಂಡು ಆಕೆ ಒಳಗೆ ಬಂದಳು. ಹೊರಗಿನವರಿದ್ದಾರೆಂದು ಕಂಡು ಇನ್ನೊಂದು ಲೋಟ ತರಲು ತಿರುಗಿದಳು.

"ಮಹಾದೇವಮ್ಮ, ನಿಂದ್ರವಾ" ಎಂದಳು ಭಾಗ್ಯಜ್ಯೋತಿ. "ನೀ ನಂಗ... ನೀ ಬರೆಸಿದ್ದು ಇವತ್ತು ಓದಿದೆ."

ಮಹಾದೇವಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. 

"ಇವತ್ತು ಓದಿದ್ರ್ಯಾ?"

"ಇವತ್ತು. ಇಲ್ಲಿತನಕ ನಂಗ ಮುಟ್ಟೇ ಇಲ್ಲ. ಯಾರೋ ನಡುವ ತಡದಿದ್ರು."

"ನೀವು ಅವಾಗೇ ಓದೀರಂತ ನಾ ತಿಳ್ಕೊಂಡಿದ್ದೆ. ಓದಿ ನನ್ನ ಇಲ್ಲಿಗಿ ಹಾಕ್ಸೀರಿ, ಸಂಡಾಸ ಬಳ್ಯಾಕ. ದಿನಾ ಚಹಾ ಕೊಡೂ ಮುಂದ ನಿಮ್ಮ ಮಾರಿ ನೋಡ್ತಿದ್ದೆ. ಇವತ್ತರೆ ಒಂದು ಮಾತು ಕೇಳ್ತೀರೇನಂತ. ನೀವು ನಗತಿದ್ರಿ. 'ಸಕ್ರಿ ಕಡಿಮಿ ಹಾಕು' ಅಂತಿದ್ರಿ."

ಭಾಗ್ಯಜ್ಯೋತಿಗೆ ಆಕೆಯ ಕಾಲು ಹಿಡಿಯಬೇಕೆನಿಸಿತು. ಕೈ ಚಾಚಿದಳು. ಮಹಾದೇವಮ್ಮ ಹಿಂದೆ ಸರಿದಳು.

"ಬ್ಯಾಡ್ರಿ. ಹಂಗೆಲ್ಲ ಮಾಡಬ್ಯಾಡ್ರಿ" ಎಂದು ಹೇಳಿ, ಚಹಾ ಅಲ್ಲೇ ಬಿಟ್ಟು ಹೊರಗೆ ಹೋದಳು.

ರಮಾಬಾಯಿ ಎಲ್ಲ ಮೇಲ್‌ಗಳನ್ನೂ, ಫಿಲ್ಟರಿನ ಫೈಲನ್ನೂ, ಲಾಗನ್ನೂ ಮುದ್ರಿಸಿ ಒಂದೊಂದು ಹಾಳೆಗೂ ಇಬ್ಬರೂ ಸಹಿ ಹಾಕಬೇಕೆಂದರು. ಭಾಗ್ಯಜ್ಯೋತಿ ಹಾಕಿದಳು. ಹಾಕುವಾಗ ಅವಳ ಸಹಿ ಅವಳ ಸಹಿಯಂತೆ ಬರಲಿಲ್ಲವೆಂದು ರಮಾಬಾಯಿ ಇನ್ನೊಮ್ಮೆ ಹಾಕಿಸಿದರು.

ಸಂಗಮೇಶ್ವರ ಮಧ್ಯಾಹ್ನ ಬಂದರು. ಸರ್ವರಿಗೆ ಫಿಲ್ಟರ್ ಹಾಕುವ ಅಧಿಕಾರ ಕಂಪನಿಯಲ್ಲಿ ಇಬ್ಬರಿಗೇ ಇತ್ತು. ಆದ್ದರಿಂದ ಯಾರು ಎಂದು ಅವಳು ಹುಡುಕಬೇಕಾಗಿರಲಿಲ್ಲ. ಆದರೂ ಅವರು ಇಲ್ಲ ಎಂದುಬಿಡಲಿ, ತಾನು ನಂಬುತ್ತೇನೆ ಎಂದು ಅವಳು ಕಾದಿದ್ದಳು. ಕೇಳಿದ ಕೂಡಲೇ ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ಹೌದು ತಂಗಿ. ನಾನೇ ಹಾಕಿದ್ದು."

"ಯಾಕ್ರಿ ಸರ್?"

"ದಿಲೀಪ ಬಂದು ಹೇಳಿದ. ತನ್ನ ಹೆಸರು ಕೆಡಸಾಕ ಯಾರೋ ಸುಳ್ಳ ದೂರು ಬರಸಾಕತ್ತಾರ, ಮೊದಲು ತಾ ನೋಡಿ ಖರೇ ಇದ್ದದ್ದು ಸಮಿತಿಗೆ ಕಳಸ್ತೀನಂತ. ಕಳಿಸ್ತಾನ ಅಂತಾನೇ ನಾ ತಿಳ್ಕೊಂಡಿದ್ದೆ."

"ನಂಗ ಒಂದ್ ಮಾತ್ ಕೇಳಬೇಕಿತ್ತಲ್ಲ."

"ಕೇಳಿದ್ರ ನೀ ಒಪ್ತಿದ್ದಿಲ್ಲ."

 ಅವರೇ ಮಾತು ಮುಂದುವರಿಸಿದರು. ಆ ಮಾತಿನಲ್ಲಿ ನೋವೂ ಇತ್ತು, ಒಂದು ಬಗೆಯ ಮೆಚ್ಚುಗೆಯೂ ಇತ್ತು.

"ನಾ ಹೊಸದು ಏನೂ ಬರೀಲಿಲ್ಲ ಜ್ಯೋತಿ. ನಿನ್ನ ಫಿಲ್ಟರ್ ಭಾಳ ಛಲೋ ಇತ್ತು. ಒಂದೂ ತಪ್ಪಿಸ್ಕೊಂಡು ಹೋಗ್ತಿದ್ದಿಲ್ಲ. ಅದನ್ನೇ ಹಾಕಿದೆ."

ಮುಂದೆ ಎಷ್ಟೋ ಕೆಟ್ಟ ಮಾತುಗಳನ್ನು ಆ ವಿಚಾರಣೆಯಲ್ಲಿ ಕೇಳಬೇಕಾಯಿತು. ಆದರೆ ಆ ಒಂದು ಮಾತನ್ನು ಹೇಳುವಾಗ ಮಾತ್ರ ಭಾಗ್ಯಜ್ಯೋತಿ ಈಗಲೂ ನನ್ನ ಮುಖ ನೋಡುವುದಿಲ್ಲ. ಬಾಗಿಲಲ್ಲಿ ನಿಂತವಳನ್ನು ಒಳಗೆ ಕರೆದು ಕೂರಿಸಿದವರು ಅವರು. ಅವಳ ಮಗಳ ಹೆಸರಿಡುವ ದಿನ ತೊಟ್ಟಿಲು ತೂಗಲು ಹೆಂಡತಿಯನ್ನು ಕರೆತಂದವರು. ಕಲಿಸಿದವರೇ ಹೀಗೆ ಮಾಡಿದರಲ್ಲ ಎಂಬುದಕ್ಕಿಂತ, ತಾನು ಕಲಿತದ್ದು ಇದಕ್ಕೆ ಇಷ್ಟು ಚೆನ್ನಾಗಿ ಒದಗಿತಲ್ಲ ಎಂಬುದು ಅವಳನ್ನು ಹೊಡೆದುಹಾಕಿತ್ತು.

ಮನೆಯಲ್ಲಿ ಶರಣಕುಮಾರನಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ. "ಸಂಗಮೇಶ್ವರ ಸರ್? ನಮ್ಮ ಸರ್?" ಎಂದು ಕೇಳುತ್ತಲೇ ಇದ್ದ. ಆಮೇಲೆ, "ಕೆಲಸ ಹೋದ್ರ ಹೋಗ್ಲಿ ಬಿಡು. ನಾ ಅದೀನಿ. ನೀ ಹಿಂದ ಸರೀಬ್ಯಾಡ" ಎಂದ. ಅವಳಿಗೆ ಅಳು ಬಂದದ್ದು ಆಗಲೇ.

ಮಾಲೀಕರು ಮೊದಲ ದಿನ ಬೇರೆ ಮಾತಾಡಿದರು. ದಿಲೀಪನ ತಂದೆ ತಮ್ಮ ಜೊತೆ ಒಂದು ಲಾರಿಯಿಂದ ಕಂಪನಿ ಕಟ್ಟಿದವರು, ಮನೆಯೊಳಗೇ ಮುಗಿಸೋಣ, ಹುಡುಗನನ್ನು ಸೊಲ್ಲಾಪುರಕ್ಕೆ ಕಳಿಸಿಬಿಡುತ್ತೇನೆ ಎಂದರು. ಕಂಪನಿಯ ವಕೀಲರು ಇನ್ನೊಂದು ದಾರಿ ತೋರಿಸಿದರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂದು ಕಾನೂನಿದೆ, ಅದು ಎಂದೋ ಮುಗಿದಿದೆ ಎಂದರು. ರಮಾಬಾಯಿ ಅದಕ್ಕೇ ಕಾದವರಂತೆ ಸಹಿಯಾದ ಹಾಳೆಗಳನ್ನು ಮೇಜಿನ ಮೇಲಿಟ್ಟರು.

"ಇವರು ಮೂರು ತಿಂಗಳೊಳಗೇ ಬರ್ದಾರ. ಎಲ್ಲಾರೂ. ಮೇಲ್ ನಿಮ್ಮ ಮಷೀನಿಗಿ ಬಂದು ಮುಟ್ಟೇದ ಅಂತ ನಿಮ್ಮ ಮಷೀನೇ ಬರ್ಕೊಂಡದ. ತಡದವರು ನೀವು. ತಡ ಆಯ್ತಂತ ಹೆಣ್ಮಕ್ಕಳಿಗಿ ಹೇಳ್ತೀರೇನು? ನಡ್ರಿ, ಜಿಲ್ಲಾ ಅಧಿಕಾರಿಗಳ ಮುಂದ ಹೋಗಿ ಇದನ್ನೇ ಹೇಳೋಣು."

ಮಡಿವಾಳಯ್ಯನವರು ಹಾಳೆಗಳನ್ನು ತೆಗೆದುಕೊಂಡು ಓದಿದರು. ಓದುತ್ತ ಮಹಾದೇವಮ್ಮನ ಮೇಲ್‌ಗೆ ಬಂದರು. ಆ ಹೊತ್ತಿಗೆ ಅವರ ಮೇಜಿನ ಮೇಲೂ ಆಕೆ ಇಟ್ಟುಹೋದ ಚಹಾ ಇತ್ತು. ಅವರು ಅದನ್ನು ದೂರ ಸರಿಸಿ, ವಕೀಲರಿಗೆ, "ನೀವು ಹೊರಡ್ರಿ" ಎಂದರು.

ವಿಚಾರಣೆ ನಡೆಯಿತು. ದಿಲೀಪ ಮೊದಲ ದಿನ ನಗುತ್ತ ಬಂದ. ಫಿಲ್ಟರಿನ ಹಾಳೆಯಲ್ಲಿ ತನ್ನದೇ ಹೆಸರು ಸಾಲು ಸಾಲಾಗಿ ಇರುವುದನ್ನು ರಮಾಬಾಯಿ ಒಂದೊಂದಾಗಿ ಓದಿ ತೋರಿಸಿದಾಗ ಅವನ ನಗೆ ಹೋಯಿತು. ಚಿತ್ತಾಪುರದವಳು ಸಮಿತಿಯ ಮುಂದೆ ಹೇಳಿಕೆ ಕೊಟ್ಟಳು, ನಗ್ಮಾ ಪೊಲೀಸರಿಗೂ ದೂರು ಕೊಟ್ಟಳು. ಐನಾಪುರದ ಹುಡುಗಿ ಬರಲಿಲ್ಲ. ಫೋನಿನಲ್ಲಿ, "ಮೇಡಂ, ಈಗ ಬ್ಯಾಡ್ರಿ, ಇಲ್ಲಿ ಯಾರಿಗೂ ಗೊತ್ತಿಲ್ಲ" ಎಂದಷ್ಟೇ ಹೇಳಿ ಇಟ್ಟಳು. ಭಾಗ್ಯಜ್ಯೋತಿ ಮತ್ತೆ ಕರೆಯಲಿಲ್ಲ.

ಮಹಾದೇವಮ್ಮ ಪೊಲೀಸರ ಹತ್ತಿರ ಹೋಗಲು ಒಪ್ಪಲಿಲ್ಲ. ಸಮಿತಿಯ ಮುಂದೆ ಮಾತ್ರ ಬಂದು ಕುಳಿತಳು. ದಿಲೀಪನ ಎದುರು ಹೇಳಬೇಕಾಗಿಲ್ಲ, ಬೇರೆಯಾಗಿಯೇ ಹೇಳಬಹುದು ಎಂದು ರಮಾಬಾಯಿ ಹೇಳಿದರು.

"ಇಲ್ರಿ, ಅವನ ಮುಂದೇ ಹೇಳ್ತೀನಿ" ಎಂದಳು ಮಹಾದೇವಮ್ಮ. "ಅವ ನನ್ನ ಮೇಲ್ ಓದ್ಯಾನ. ಬಾಯಿಲೆ ಹೇಳಿದ್ದೂ ಕೇಳ್ಲಿ."

ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ದಿಲೀಪ ತಲೆ ಎತ್ತಲಿಲ್ಲ. ಅವನನ್ನು ಕೆಲಸದಿಂದ ತೆಗೆಯಬೇಕೆಂದು ಸಮಿತಿ ಬರೆಯಿತು. ಮಡಿವಾಳಯ್ಯನವರು ತೆಗೆದರು. ಪೊಲೀಸ್ ಕೇಸು ಇನ್ನೂ ನಡೆದಿದೆ. ನಗ್ಮಾ ಸೇಡಮ್ಮಿಗೆ ವಾಪಸಾದಳು. ಮಹಾದೇವಮ್ಮನಿಗೂ ಸೇಡಮ್ಮಿನ ಕೆಲಸ ಕೊಟ್ಟರು. ಹೋಗುವ ದಿನ ಆಕೆ ಮೇಲೆ ಬಂದು, "ಬರ್ತೀನ್ರಿ ಅಕ್ಕೋರೆ" ಎಂದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಭಾಗ್ಯಜ್ಯೋತಿ ಕೇಳಲೂ ಇಲ್ಲ.

ಸಂಗಮೇಶ್ವರ ರಾಜೀನಾಮೆ ಕೊಟ್ಟು ಹೋದರು. ಸಂತೆಯಲ್ಲಿ ಒಮ್ಮೆ ಎದುರಾದಾಗ ಅವರು ನಿಂತರು. ಅವಳೂ ನಿಂತಳು. "ಮಗಳು ಹೆಂಗದಾಳ?" ಎಂದು ಕೇಳಿದರು. "ಅದಾಳ್ರಿ" ಎಂದಳು. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು.

ಈಗ ಆ ಕೋಣೆಯ ಮುಖ್ಯಸ್ಥೆ ಭಾಗ್ಯಜ್ಯೋತಿ. ಸಮಿತಿಯ ವಿಳಾಸಕ್ಕೆ ಬಂದ ಪ್ರತಿ ಮೇಲ್‌ನ ಒಂದು ಪ್ರತಿ, ಏನನ್ನೂ ನೋಡದೆ, ರಮಾಬಾಯಿಯವರ ಹೊರಗಿನ ವಿಳಾಸಕ್ಕೂ ಹೋಗುವಂತೆ ಬರೆದಿದ್ದಾಳೆ. ಯಾವ ವಿಳಾಸಕ್ಕೆ ಯಾರು ಹೊಸ ಫಿಲ್ಟರ್ ಹಾಕಿದರೂ ಆ ವಿಳಾಸದವರಿಗೆ ಕೂಡಲೇ ಸುದ್ದಿ ಮುಟ್ಟುತ್ತದೆ. ಕೆಲಸ ಗಟ್ಟಿಯಾಗಿದೆ. ಆದರೂ ಅವಳು ಅದನ್ನೇ ನಂಬಿ ಕೂರುವುದಿಲ್ಲ. ತಿಂಗಳಿಗೊಂದು ಡಿಪೋಗೆ ತಾನೇ ಹೋಗುತ್ತಾಳೆ.

ಹಾಗೆ ಮೊದಲು ಹೋದದ್ದು ಚಿತ್ತಾಪುರಕ್ಕೆ. ಗೋದಾಮಿನ ನೆರಳಿನಲ್ಲಿ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಹಿಂದೆ ಏನಾಯಿತು, ಈಗ ಏನು ಸರಿ ಮಾಡಿದ್ದೇನೆ ಎಂದು ಹೇಳಿದಳು. ಮೇಲ್ ಹೇಗೆ ಬರುತ್ತದೆ, ಪ್ರತಿ ಎಲ್ಲಿಗೆ ಹೋಗುತ್ತದೆ ಎಂದು ಕೈ ಆಡಿಸಿ ಬಿಡಿಸಿ ಹೇಳಿದಳು. ಅವರು ಸುಮ್ಮನೆ ಕೇಳಿದರು. ಎಲ್ಲ ಮುಗಿದ ಮೇಲೆ ಚೀಲ ಹೊಲಿಯುವ ಲಕ್ಷ್ಮಿ ಎಂಬವಳು ಸೆರಗು ಸರಿಮಾಡಿಕೊಂಡು ಕೇಳಿದಳು.

"ಅದೆಲ್ಲ ಇರ್ಲಿ ಮೇಡಂ. ಬಂದು ಹೇಳ್ಬೇಕಂದ್ರ ವಾಡ್ಯಾಗ ನಿಮ್ಮ ಮನಿ ಎಲ್ಲಿ ಬರ್ತದ?"

ಭಾಗ್ಯಜ್ಯೋತಿ ಆಡಿಸುತ್ತಿದ್ದ ಕೈಯನ್ನು ಮಡಿಲಿಗಿಳಿಸಿದಳು. ಆಮೇಲೆ ಹೇಳಿದಳು. ಸ್ಟೇಷನ್ ದಾಟಿ, ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಓಣಿ, ಬೇವಿನ ಮರದ ಪಕ್ಕದ ನೀಲಿ ಬಾಗಿಲು. ಲಕ್ಷ್ಮಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಉಳಿದವರು ಬಾಯಲ್ಲೇ ಹೇಳಿಕೊಳ್ಳುತ್ತ ಗುರುತು ಮಾಡಿಕೊಂಡರು.